ಎಕ್ಸಿಟ್ ನಂಬರ್ ಯಾರಿಗಾಗಿ?

ಅಮೆರಿಕದ ಹೆದ್ದಾರಿಗಳ ದೊಡ್ಡ ಹಸಿರು ಬೋರ್ಡುಗಳ ನೆತ್ತಿಯಲ್ಲಿ ಒಂದು ಚಿಕ್ಕ ಪಟ್ಟಿ ಇರುತ್ತದೆ. ಅದರಲ್ಲಿ ‘ಎಕ್ಸಿಟ್’ ಎಂದು ಬರೆದು ಮುಂದೆ ಒಂದು ಸಂಖ್ಯೆ ಹಾಕಿರುತ್ತಾರೆ. ಪಟ್ಟಿ ಬೋರ್ಡಿನ ಬಲತುದಿಗಿದ್ದರೆ ಹೊರದಾರಿ ಬಲಕ್ಕೆ, ಎಡತುದಿಗಿದ್ದರೆ ಎಡಕ್ಕೆ. ಆ ಸಂಖ್ಯೆಯನ್ನು ಕೊಡುವ ಕ್ರಮ ಎರಡು ಬಗೆಯದು. ರಸ್ತೆ ಶುರುವಾದಲ್ಲಿಂದ ಹೊರದಾರಿಗಳನ್ನು ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗುವುದು ಒಂದು. ರಸ್ತೆ ಶುರುವಾದಲ್ಲಿಂದ ಆ ಜಾಗ ಎಷ್ಟನೇ ಮೈಲಿಯಲ್ಲಿದೆಯೋ ಆ ಮೈಲಿಯನ್ನೇ ಸಂಖ್ಯೆಯಾಗಿ ಇಡುವುದು ಇನ್ನೊಂದು. ಕೇಳಲು ಸಣ್ಣ ವಿಷಯ. ಆದರೆ ಇವೆರಡರಲ್ಲಿ ಯಾವುದು ಸರಿ ಎಂಬ ಚರ್ಚೆ ಅಲ್ಲಿನ ರಾಜ್ಯಗಳಲ್ಲಿ ದಶಕಗಟ್ಟಲೆ ನಡೆದಿದೆ, ಸಾರ್ವಜನಿಕ ಸಭೆಗಳಲ್ಲಿ ಜನ ಕೆರಳಿ ಮಾತಾಡಿದ್ದಾರೆ, ಕೆಲವು ಕಡೆ ಅದಿನ್ನೂ ಮುಗಿದಿಲ್ಲ. ಈ ಜಗಳದ ಇತಿಹಾಸವನ್ನು ನೋಡಿದರೆ ಅದರ ತಿರುಳು ಗಣಿತದ್ದಲ್ಲ, ಹಕ್ಕಿನದು ಎಂದು ನನಗೆ ಅನ್ನಿಸುತ್ತದೆ. ರಸ್ತೆಬದಿಯ ಬೋರ್ಡು ಮೊದಲು ಯಾರಿಗೆ ಸೇರಿದ್ದು, ಆ ದಾರಿಯನ್ನು ದಿನವೂ ಬಳಸುವ ಊರಿನವರಿಗೋ, ಜೀವನದಲ್ಲಿ ಒಮ್ಮೆ ಹಾದುಹೋಗುವ ಪರಊರಿನವರಿಗೋ? ಪರಊರಿನವರಿಗೆ ಎಂಬುದು ನನ್ನ ಉತ್ತರ. ಹಾಗಾಗಿ ಮೈಲಿಯ ಲೆಕ್ಕವೇ ನ್ಯಾಯವಾದದ್ದು ಎಂದು ವಾದಿಸುತ್ತೇನೆ. ಊರಿನವರ ತಕರಾರಿನಲ್ಲೂ ಹುರುಳಿದೆ, ಅದನ್ನು ತಳ್ಳಿಹಾಕುವಂತಿಲ್ಲ.

ಹಳೆಯ ಕಾಲದ ರಸ್ತೆಗೆ ಹೊರದಾರಿ ಎಂಬುದೇ ಇರಲಿಲ್ಲ. ಎಲ್ಲಿ ಬೇಕೆಂದರಲ್ಲಿ ಗಾಡಿ ತಿರುಗಿಸಬಹುದಿತ್ತು. ಪ್ರತಿ ಮನೆಯ ಬಾಗಿಲು, ಪ್ರತಿ ಹೊಲದ ಬದು ರಸ್ತೆಗೆ ತೆರೆದುಕೊಂಡಿರುತ್ತಿತ್ತು. ಹೊರದಾರಿ ಹುಟ್ಟಬೇಕಾದರೆ ಮೊದಲು ಆ ತೆರವು ಮುಚ್ಚಬೇಕು. 1908ರಲ್ಲಿ ವಿಲಿಯಂ ವ್ಯಾಂಡರ್‌ಬಿಲ್ಟ್ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ತೆರೆದ ಮೋಟಾರ್ ಪಾರ್ಕ್‌ವೇ ಇಂಥ ಮುಚ್ಚಿದ ರಸ್ತೆಗಳಲ್ಲಿ ಮೊದಲಿನದು. ಸುಂಕದ ಕಟ್ಟೆ ಇರುವಲ್ಲಿ ಮಾತ್ರ ಅದರೊಳಗೆ ಪ್ರವೇಶ. 1916ರಲ್ಲಿ ಆರ್ಥರ್ ಹೇಲ್ ಎಂಬ ಎಂಜಿನಿಯರು ಕ್ಲೋವರ್‌ಲೀಫ್ ಜಂಕ್ಷನ್ನಿಗೆ ಪೇಟೆಂಟ್ ಪಡೆದರು. ಒಂದು ರಸ್ತೆ ಮೇಲೆ, ಒಂದು ಕೆಳಗೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ಸುತ್ತುದಾರಿ, ಯಾವ ಗಾಡಿಯೂ ಇನ್ನೊಂದಕ್ಕೆ ಅಡ್ಡ ಬರದ ಹಾಗೆ. ಆ ದೇಶದಲ್ಲಿ ಅಂಥ ಮೊದಲ ಜಂಕ್ಷನ್ 1929ರಲ್ಲಿ ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ ಬಳಕೆಗೆ ಬಂತು. ಇವುಗಳಿಗಿಂತ ಮುಖ್ಯವಾದದ್ದು ಮರುವರ್ಷ ನಡೆಯಿತು. ನ್ಯೂಯಾರ್ಕಿನ ವಕೀಲ ಎಡ್ವರ್ಡ್ ಬ್ಯಾಸೆಟ್ 1930ರಲ್ಲಿ ‘ಫ್ರೀವೇ’ ಎಂಬ ಹೊಸ ಬಗೆಯ ರಸ್ತೆಯನ್ನು ಕಾನೂನಿನ ಭಾಷೆಯಲ್ಲಿ ವಿವರಿಸಿದರು. ಸಾಮಾನ್ಯ ರಸ್ತೆಯ ಪಕ್ಕದ ಜಮೀನಿನವನಿಗೆ ಆ ರಸ್ತೆಗೆ ಇಳಿಯುವ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಫ್ರೀವೇ ಪಕ್ಕದವನಿಗೆ ಆ ಹಕ್ಕು ಇಲ್ಲ. ಎಕ್ಸಿಟ್ ಹುಟ್ಟಿದ್ದು ಈ ಹಕ್ಕು ಕಳೆದುಹೋದ ಜಾಗದಲ್ಲಿ. ರಸ್ತೆ ತನ್ನ ಪಕ್ಕದ ಊರನ್ನು ಬಿಟ್ಟು ದೂರದ ಪ್ರಯಾಣಿಕನ ಕಡೆಗೆ ವಾಲಿದ್ದು ನಂಬರ್ ಬರುವುದಕ್ಕೂ ಮೊದಲೇ.

ಆದರೂ ಎಣಿಕೆಯ ನಂಬರು ಬಹುಕಾಲ ನಡೆದುಬಂತು. ಅದಕ್ಕೆ ಕಾರಣ ಸುಂಕದ ಚೀಟಿ. 1940ರ ಅಕ್ಟೋಬರ್ 1ರಂದು ತೆರೆದ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಎಂಬ ಸುಂಕದ ರಸ್ತೆ ಅರ್ವಿನ್‌ನಿಂದ ಕಾರ್ಲೈಲ್‌ವರೆಗೆ 160 ಮೈಲಿ ಉದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಅರ್ಧಕ್ಕೆ ಕೈಬಿಟ್ಟಿದ್ದ ಒಂದು ರೈಲುಮಾರ್ಗದ ಸುರಂಗಗಳನ್ನು ಬಳಸಿಕೊಂಡು ಅಲೆಗೆನಿ ಬೆಟ್ಟಗಳನ್ನು ಸೀಳಿ ಅದನ್ನು ಕಟ್ಟಿದರು. ಇಡೀ ರಸ್ತೆಗೆ ಹನ್ನೊಂದೇ ಇಂಟರ್‌ಚೇಂಜ್. ಒಳಗೆ ಬರುವಾಗ ಬೂತಿನಲ್ಲಿ ಚೀಟಿ ಕೊಡುತ್ತಿದ್ದರು, ಹೊರಡುವಾಗ ಅದನ್ನು ಕೊಟ್ಟು ದುಡ್ಡು ಕಟ್ಟಬೇಕು. ಇಂಥ ರಸ್ತೆಯಲ್ಲಿ ಪ್ರತಿ ಹೊರದಾರಿಯೂ ಒಂದು ಗಲ್ಲಾಪೆಟ್ಟಿಗೆ. ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂಬ ಕೋಷ್ಟಕ ಚೀಟಿಯ ಮೇಲೆ ಹಿಡಿಸಬೇಕಾದರೆ ಚಿಕ್ಕ ಚಿಕ್ಕ ನಂಬರು ಅನುಕೂಲ. 1951ರ ಕೊನೆಯಲ್ಲಿ ಮೊದಲ ಭಾಗ ತೆರೆದ ನ್ಯೂಜೆರ್ಸಿ ಟರ್ನ್‌ಪೈಕಿನ ಚೀಟಿಯಲ್ಲಿ ಈಗಲೂ ಈ ಕ್ರಮ ಕಣ್ಣಿಗೆ ಕಾಣುತ್ತದೆ: ಒಂದು ಕಡೆ ಎಕ್ಸಿಟ್ ನಂಬರು, ಅದರ ಎದುರು ಕಟ್ಟಬೇಕಾದ ಹಣ. ಡೆಲವೇರ್ ಮೆಮೋರಿಯಲ್ ಸೇತುವೆಯ ಬಳಿ 1, ಜಾರ್ಜ್ ವಾಷಿಂಗ್ಟನ್ ಸೇತುವೆಯ ಕಡೆ 18. ಸುಂಕ ವಸೂಲಿ ಮಾಡುವವರ ಲೆಕ್ಕಕ್ಕೆ ಇದು ಚೆನ್ನಾಗಿ ಹೊಂದುತ್ತಿತ್ತು. ರಸ್ತೆಯಲ್ಲಿ ಹೋಗುವವರಿಗೆ ಅದರಿಂದ ಸಿಗುತ್ತಿದ್ದ ಮಾಹಿತಿ ಕಡಿಮೆ. ದಕ್ಷಿಣದಲ್ಲಿ 1ರಿಂದ 2ಕ್ಕೆ ಹತ್ತು ಮೈಲಿಗೂ ಹೆಚ್ಚು ದೂರ; ಉತ್ತರದ ಜನನಿಬಿಡ ಭಾಗದಲ್ಲಿ ಎರಡೇ ಮೈಲಿಗೆ ಇನ್ನೊಂದು ಎಕ್ಸಿಟ್. ನಂಬರು ನೋಡಿ ಇದನ್ನು ಊಹಿಸುವುದು ಸಾಧ್ಯವಿಲ್ಲ.

1956ರ ಜೂನ್ 29ರಂದು ಅಧ್ಯಕ್ಷ ಐಸೆನ್‌ಹೋವರ್ ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದರು. 41,000 ಮೈಲಿಯ ಇಂಟರ್‌ಸ್ಟೇಟ್ ಜಾಲ, ಖರ್ಚಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಕೇಂದ್ರದ್ದು, ಹೊಸದಾಗಿ ಕಟ್ಟಿದ ರಸ್ತೆಗಳಲ್ಲಿ ಬಹುತೇಕ ಕಡೆ ಸುಂಕವೇ ಇಲ್ಲ. ಚೀಟಿ ಹೋದ ಮೇಲೆ ಚೀಟಿಗೆ ಹುಟ್ಟಿದ ನಂಬರಿಗೆ ಏನು ಆಧಾರ? ಈ ಜಾಲದ ವಿನ್ಯಾಸಕಾರರ ಕಣ್ಣೆದುರು ಇದ್ದದ್ದು ಆ ದಾರಿಯನ್ನು ಹಿಂದೆಂದೂ ನೋಡದ ಚಾಲಕ. ರಸ್ತೆಗಳಿಗೆ ನಂಬರು ಕೊಡುವಾಗಲೂ ಅವನನ್ನೇ ನೆನೆದರು: ಉತ್ತರ–ದಕ್ಷಿಣ ಓಡುವ ರಸ್ತೆಗೆ ಬೆಸ ಸಂಖ್ಯೆ, ಪೂರ್ವ–ಪಶ್ಚಿಮದ್ದಕ್ಕೆ ಸಮ ಸಂಖ್ಯೆ. ಬೋರ್ಡಿನ ಬಣ್ಣ ಆರಿಸುವಾಗಲೂ ಅಷ್ಟೇ. ಮೇರಿಲ್ಯಾಂಡಿನ ಗ್ರೀನ್‌ಬೆಲ್ಟ್ ಹತ್ತಿರ ಇನ್ನೂ ಸಂಚಾರಕ್ಕೆ ತೆರೆಯದ ರಸ್ತೆಯೊಂದರಲ್ಲಿ ಹಸಿರು, ನೀಲಿ, ಕಪ್ಪು ಬಣ್ಣದ ಬೋರ್ಡು ನಿಲ್ಲಿಸಿ ಚಾಲಕರನ್ನು ಓಡಿಸಿ ಕೇಳಿದರು. ಶೇಕಡ 58 ಮಂದಿ ಹಸಿರು ಎಂದರು, ಅದೇ ಉಳಿಯಿತು. ಮೈಲಿಕಲ್ಲುಗಳನ್ನು ಪ್ರತಿ ರಾಜ್ಯದ ದಕ್ಷಿಣ ಅಥವಾ ಪಶ್ಚಿಮ ಗಡಿಯಿಂದ ಎಣಿಸುವ ಕ್ರಮ ಬಂತು. ಆ ಮೈಲಿಯನ್ನೇ ಎಕ್ಸಿಟ್ಟಿಗೆ ಇಟ್ಟರೆ ಬೇರೊಂದು ಲೆಕ್ಕದ ಗೊಡವೆಯೇ ಇಲ್ಲ. ಲೂಸಿಯಾನಾದಿಂದ ಐ-10 ಹಿಡಿದು ಪಶ್ಚಿಮಕ್ಕೆ ಹೋಗುವವರು ಗಡಿ ದಾಟಿ ಟೆಕ್ಸಸ್ಸಿಗೆ ಕಾಲಿಟ್ಟೊಡನೆ ಆರೆಂಜ್ ಎಂಬ ಊರಿನ ಬಳಿ ಎಕ್ಸಿಟ್ 880 ನೋಡುತ್ತಾರೆ. ಟೆಕ್ಸಸ್ ಎಷ್ಟು ಅಗಲ ಎಂದು ಯಾರನ್ನೂ ಕೇಳಬೇಕಿಲ್ಲ, ನ್ಯೂ ಮೆಕ್ಸಿಕೋ ಗಡಿ ಮುಟ್ಟಲು ಇನ್ನು 880 ಮೈಲಿ ಎಂದು ಆ ಬೋರ್ಡೇ ಹೇಳಿಬಿಡುತ್ತದೆ.

ಹೀಗಿದ್ದೂ ಈಶಾನ್ಯದ ರಾಜ್ಯಗಳು ಎಣಿಕೆಯನ್ನೇ ಹಿಡಿದುಕೊಂಡವು. ಸುಂಕದ ರಸ್ತೆಗಳು, ಪಾರ್ಕ್‌ವೇಗಳು ಮೊದಲು ಬಂದದ್ದು ಅಲ್ಲೇ ಆದ್ದರಿಂದ ಆ ಅಭ್ಯಾಸ ಬೇರೂರಿತ್ತು. ಕನೆಕ್ಟಿಕಟ್ಟಿನ ಮೆರಿಟ್ ಪಾರ್ಕ್‌ವೇಯಲ್ಲಿ ಎಕ್ಸಿಟ್ಟುಗಳು 27ರಿಂದ ಶುರುವಾಗುತ್ತಿದ್ದವು, ಏಕೆಂದರೆ ಪಕ್ಕದ ನ್ಯೂಯಾರ್ಕಿನ ಹಚಿನ್ಸನ್ ರಿವರ್ ಪಾರ್ಕ್‌ವೇ ಎಲ್ಲಿಗೆ ನಿಲ್ಲಿಸಿತ್ತೋ ಅಲ್ಲಿಂದ ಎಣಿಕೆ ಮುಂದುವರಿದಿತ್ತು. ಹೊಸಬರಿಗೆ ಆ 27ರ ಗುಟ್ಟು ತಿಳಿಯುವ ದಾರಿ ಇಲ್ಲ. ಎಣಿಕೆಯ ದೊಡ್ಡ ಕಷ್ಟ ಇದಕ್ಕಿಂತ ಬೇರೆ: ನಡುವೆ ಹೊಸ ಎಕ್ಸಿಟ್ ಕಟ್ಟಿದರೆ ಅದಕ್ಕೆ ನಂಬರೇ ಉಳಿದಿರುವುದಿಲ್ಲ. ನ್ಯೂಜೆರ್ಸಿ ಟರ್ನ್‌ಪೈಕಿನಲ್ಲಿ 7 ಮತ್ತು 8ರ ನಡುವೆ 7ಎ ಬಂತು, 8 ಮತ್ತು 9ರ ನಡುವೆ 8ಎ, 13 ಮತ್ತು 14ರ ನಡುವೆ 13ಎ. ಮುಂದೆ ರಸ್ತೆ ಎರಡು ಕವಲಾದ ಕಡೆ 15ಇ ಪೂರ್ವದ್ದು, 15ಡಬ್ಲ್ಯೂ ಪಶ್ಚಿಮದ್ದು. 2005ರಲ್ಲಿ ಸೆಕಾಕಸ್ ರೈಲ್ವೆ ಜಂಕ್ಷನ್ನಿಗಾಗಿ ಇನ್ನೊಂದು ತೆರೆದಾಗ ಅದಕ್ಕೆ 15ಎಕ್ಸ್ ಎಂದು ಹೆಸರಿಟ್ಟರು. ‘ಎ’ ಎಂದರೆ ನಡುವೆ ಬಂದದ್ದು, ‘ಇ’ ಎಂದರೆ ಪೂರ್ವ, ‘ಎಕ್ಸ್’ ಎಂದರೆ ಇನ್ನಾವುದೋ. ಒಂದೇ ರಸ್ತೆಯ ಮೇಲೆ ಅಕ್ಷರಗಳಿಗೆ ಮೂರು ಅರ್ಥ. ದಿನವೂ ಓಡಾಡುವವರು ಇದನ್ನು ಸಹಜವೆಂದೇ ಕಾಣುತ್ತಾರೆ. ರಾತ್ರಿ ಮಳೆಯಲ್ಲಿ ಗಂಟೆಗೆ 65 ಮೈಲಿ ವೇಗದಲ್ಲಿ ಮೊದಲ ಬಾರಿಗೆ ಬರುವವರು ಇದನ್ನು ಬಿಡಿಸಲು ಕೂರುವುದು ಹೇಗೆ?

ಮ್ಯಾಸಚೂಸೆಟ್ಸ್ ಟರ್ನ್‌ಪೈಕಿನ ಉದಾಹರಣೆ ಇನ್ನೂ ಸ್ಪಷ್ಟ. ಅದರ ಪಶ್ಚಿಮ ಭಾಗದಲ್ಲಿ ಬೆಟ್ಟಗಾಡಿನ ಲೀ ಎಂಬ ಊರಿಗೆ ಎಕ್ಸಿಟ್ 2, ವೆಸ್ಟ್‌ಫೀಲ್ಡ್‌ಗೆ ಎಕ್ಸಿಟ್ 3 ಎಂದಿತ್ತು. ಎರಡರ ಪಕ್ಕ ಮೂರು, ಹಾಗಾಗಿ ಹತ್ತಿರವೇ ಇರಬೇಕೆಂದು ಯಾರಾದರೂ ನಂಬುತ್ತಾರೆ. ನಡುವೆ 30 ಮೈಲಿ ಯಾವ ಹೊರದಾರಿಯೂ ಇಲ್ಲ. ಲೀಯಲ್ಲಿ ಇಳಿಯಬೇಕಾದವರು ಪೂರ್ವಕ್ಕೆ ಹೋಗುವಾಗ ಅದನ್ನು ತಪ್ಪಿಸಿಕೊಂಡರೆ 30 ಮೈಲಿ ಹೋಗಿ, ತಿರುಗಿ 30 ಮೈಲಿ ಬರಬೇಕು. ಪೆಟ್ರೋಲ್ ತಳ ಮುಟ್ಟಿದ್ದರೆ ಇನ್ನೂ ಫಜೀತಿ. ಈಗ ಆ ಎರಡು ಎಕ್ಸಿಟ್ಟುಗಳ ನಂಬರು 10 ಮತ್ತು 41. ನಂಬರು ಬದಲಾಯಿತೇ ಹೊರತು ಒಂದು ಅಂಗುಲ ರಸ್ತೆಯೂ ಸರಿಯಲಿಲ್ಲ. ಆದರೆ ಹಳೆಯ ನಂಬರು ಮುಚ್ಚಿಟ್ಟ ಅಪಾಯವನ್ನು ಹೊಸದು ಬಾಯಿಬಿಟ್ಟು ಹೇಳುತ್ತದೆ. ಇದೇ ರಸ್ತೆಯ ಸುಂಕದ ಬೂತುಗಳನ್ನು 2016ರಲ್ಲಿ ತೆಗೆದು ಎಲೆಕ್ಟ್ರಾನಿಕ್ ವ್ಯವಸ್ಥೆ ತಂದರು, ನಾಲ್ಕೈದು ವರ್ಷಗಳಲ್ಲಿ ಎಣಿಕೆಯ ನಂಬರೂ ಹೋಯಿತು. ಬೂತಿನ ಜೊತೆ ಹುಟ್ಟಿದ್ದು ಬೂತಿನ ಹಿಂದೆಯೇ ಹೋಯಿತು ಎನ್ನಬಹುದು. ಕೇಂದ್ರದ ರಸ್ತೆಫಲಕ ಕೈಪಿಡಿ 2009ರ ಆವೃತ್ತಿಯಲ್ಲಿ ಎಣಿಕೆಯ ಆಯ್ಕೆಯನ್ನೇ ತೆಗೆದುಹಾಕಿದ್ದು ಇದಕ್ಕೆ ಹಿನ್ನೆಲೆ. ಅದಕ್ಕೂ ಮುಂಚೆಯೇ ಜಾರ್ಜಿಯಾ, ಫ್ಲಾರಿಡಾ, ಪೆನ್ಸಿಲ್ವೇನಿಯಾ, ಮೇನ್ ರಾಜ್ಯಗಳು ಈ ಶತಮಾನದ ಮೊದಲ ವರ್ಷಗಳಲ್ಲಿ ಬದಲಾಗಿದ್ದವು. ಎಕ್ಸಿಟ್ಟುಗಳಿಗೆ ನಂಬರನ್ನೇ ಕೊಡದೆ ಕುಳಿತಿದ್ದ ಕ್ಯಾಲಿಫೋರ್ನಿಯಾ ಕೂಡ 2002ರಲ್ಲಿ ಆ ಕೆಲಸ ಹಿಡಿದಾಗ ನೇರ ಮೈಲಿಯನ್ನೇ ಆರಿಸಿಕೊಂಡಿತು.

ಪೆನ್ಸಿಲ್ವೇನಿಯಾದಲ್ಲಿ ಮೈಲಿಯ ಲೆಕ್ಕ ಇತಿಹಾಸವನ್ನೂ ಹೊರತಂದಿತು. ಹಳೆಯ ಎಣಿಕೆಯಲ್ಲಿ ಅರ್ವಿನ್ 7, ಕಾರ್ಲೈಲ್ 16 ಆಗಿದ್ದವು. ಈಗ ಅರ್ವಿನ್ 67, ಕಾರ್ಲೈಲ್ 226. ದೊಡ್ಡದರಿಂದ ಚಿಕ್ಕದನ್ನು ಕಳೆದು ನೋಡಿ: 159. 1940ರಲ್ಲಿ ಜನ ಸಾಲುಗಟ್ಟಿ ನೋಡಲು ಬಂದಿದ್ದ ಮೂಲ ರಸ್ತೆಯ ಉದ್ದ, ಒಂದು ಮೈಲಿ ಆಚೀಚೆ, ಇವತ್ತಿನ ಬೋರ್ಡುಗಳಲ್ಲಿ ಕೂತಿದೆ. ಹಳೆಯ ನಂಬರು ಹೋದರೆ ಇತಿಹಾಸ ಅಳಿಸಿಹೋಗುತ್ತದೆ ಎನ್ನುವವರಿಗೆ ಇದನ್ನು ತೋರಿಸಬೇಕು. 7 ಮತ್ತು 16 ಎಂಬ ಸಂಖ್ಯೆಗಳಲ್ಲಿ ಈ ಇತಿಹಾಸದ ಸುಳಿವೂ ಇರಲಿಲ್ಲ.

ಆದರೂ ಆ ತಕರಾರು ಗಟ್ಟಿಯಾದದ್ದೇ. ಬಳಸಿದ ನಂಬರು ಕ್ರಮೇಣ ಊರ ಹೆಸರಾಗುತ್ತದೆ. ನ್ಯೂಜೆರ್ಸಿಯವರೆಂದು ಹೇಳಿಕೊಂಡರೆ ‘ಯಾವ ಎಕ್ಸಿಟ್?’ ಎಂದು ಕೇಳುವುದು ಆ ಕಡೆಯ ಹಳೆಯ ರೂಢಿ. ಅದೇ ರಾಜ್ಯದ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಮೈಲಿಯ ಲೆಕ್ಕದ್ದು. ಅದರ ದಕ್ಷಿಣ ತುದಿಯ ಕೇಪ್ ಮೇ ಪಟ್ಟಣ ತನ್ನನ್ನು ಎಕ್ಸಿಟ್ ಸೊನ್ನೆ ಎಂದು ಹೆಮ್ಮೆಯಿಂದ ಕರೆದುಕೊಳ್ಳುತ್ತದೆ, ಆ ಹೆಸರಿನ ಪತ್ರಿಕೆಯೇ ಅಲ್ಲಿದೆ. ಮ್ಯಾಸಚೂಸೆಟ್ಸಿನ ಕೇಪ್ ಕಾಡ್‌ನವರು ತಮ್ಮ ರೂಟ್ 6ರಲ್ಲಿ ಎಕ್ಸಿಟ್ 9 ಇದ್ದದ್ದು 78 ಆಗುತ್ತದೆಂದು ಕೇಳಿ ಸಿಟ್ಟಾದರು. ತಮ್ಮ ಶಾಂತ ದ್ವೀಪಕಲ್ಪದ ನೆತ್ತಿಯ ಮೇಲೆ ಮಹಾನಗರದ ಬೋರ್ಡು ಬೇಡವೆಂದರು. ಅಂಗಡಿ ಹೋಟೆಲುಗಳ ಜಾಹೀರಾತು, ಲೆಟರ್‌ಹೆಡ್, ಬ್ಯಾನರು ಎಲ್ಲದರಲ್ಲೂ ಎಕ್ಸಿಟ್ ನಂಬರು ಇರುತ್ತದೆ, ಅದನ್ನು ಬದಲಾಯಿಸುವ ಖರ್ಚು ಯಾರದು ಎಂಬ ಪ್ರಶ್ನೆಯೂ ನಿಜವಾದದ್ದೇ. ಇದರ ಅತ್ಯಂತ ಸ್ವಾರಸ್ಯದ ಉದಾಹರಣೆ ಅರಿಜೋನಾದಲ್ಲಿದೆ. ನೊಗಾಲೆಸ್‌ನಿಂದ ಟೂಸಾನ್‌ಗೆ ಹೋಗುವ ಐ-19, ದೇಶ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತದೆ ಎಂದು ಭಾವಿಸಿದ್ದ ದಿನಗಳಲ್ಲಿ ಸಿದ್ಧವಾಯಿತು. ಅದರ ದೂರದ ಬೋರ್ಡು ಕಿಲೋಮೀಟರಿನಲ್ಲಿ, ಎಕ್ಸಿಟ್ ನಂಬರೂ ಕಿಲೋಮೀಟರಿನದು. ವೇಗದ ಮಿತಿ ಮಾತ್ರ ಮೈಲಿಯಲ್ಲಿ. ದೇಶ ಬದಲಾಗಲಿಲ್ಲ. ಆ ಬೋರ್ಡುಗಳನ್ನು ಮೈಲಿಗೆ ಬದಲಾಯಿಸಲು ಸಾರಿಗೆ ಇಲಾಖೆ ಹೊರಟಾಗ ದಾರಿಯ ಅಂಗಡಿ ಹೋಟೆಲುಗಳವರು ಅಡ್ಡ ನಿಂತರು. ದೇಶದ ಬಹುಪಾಲು ಜನ ಒಪ್ಪದ ಅಳತೆಯೊಂದು ಆ ಊರುಗಳವರಿಗೆ ಒಂದು ತಲೆಮಾರಿನೊಳಗೆ ತಮ್ಮದೇ ಆಗಿತ್ತು. ನೆನಪು ಗಟ್ಟಿ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಇದೇ ಸಾಕ್ಷಿ ನನ್ನ ವಾದಕ್ಕೂ ಒದಗುತ್ತದೆ. ಹೊಸ ನಂಬರು ಒಂದು ತಲೆಮಾರಿನೊಳಗೆ ಇಷ್ಟು ಆಪ್ತವಾಗುವುದಾದರೆ, ಇವತ್ತು ಪರಕೀಯವೆನಿಸುವ 78 ಕೂಡ ನಾಳೆ ಹಾಗೆಯೇ ಆಪ್ತವಾಗುತ್ತದೆ.

ಕನ್ನಡಿಗರಿಗೆ ಈ ಮಾತು ಹೊಸದಾಗಿ ಕಾಣಬೇಕಿಲ್ಲ. ತುಮಕೂರು ರಸ್ತೆಯಲ್ಲಿ ಬಸ್ಸಿಳಿಯುವವರಿಗೆ ‘ಎಂಟನೇ ಮೈಲಿ’ ಎಂಬ ಸ್ಟಾಪು ಗೊತ್ತು; ಬೆಂಗಳೂರಿನಿಂದ ಎಂಟನೇ ಮೈಲಿಕಲ್ಲು ಎಂಬ ಒಣ ಲೆಕ್ಕ ಒಂದು ಬಡಾವಣೆಯ ಗುರುತಾಗಿದೆ, ಮೈಲಿ ಹೋಗಿ ಕಿಲೋಮೀಟರು ಬಂದು ಎಷ್ಟು ಕಾಲವಾದರೂ ಉಳಿದಿದೆ. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ನಂಬರು ಬದಲಿಸಿದಾಗ ಎನ್‌ಎಚ್ 4 ಹೋಗಿ 48 ಆಯಿತು, ಕರಾವಳಿಯ 17 ಹೋಗಿ 66 ಆಯಿತು. ಹಳಬರ ಬಾಯಲ್ಲಿ ‘ಎನ್‌ಎಚ್ ಫೋರ್’ ಇನ್ನೂ ಇದೆ, ಅದರಿಂದ ಯಾರೂ ದಾರಿ ತಪ್ಪಿಲ್ಲ. ಅಮೆರಿಕಕ್ಕೆ ಹೋದ ದಕ್ಷಿಣ ಭಾರತೀಯರೂ ಈ ಬದಲಾವಣೆಯನ್ನು ಹಾದುಬಂದವರೇ. 1970ರ ದಶಕದ ಉತ್ತರಾರ್ಧದಲ್ಲಿ ಪಿಟ್ಸ್‌ಬರ್ಗ್ ಬಳಿಯ ಪೆನ್ ಹಿಲ್ಸ್‌ನಲ್ಲಿ ವೆಂಕಟೇಶ್ವರ ದೇವಸ್ಥಾನ ಎದ್ದಾಗ ಪೂರ್ವ ಕರಾವಳಿಯ ಊರುಗಳಿಂದ ಕುಟುಂಬ ಸಮೇತ ಟರ್ನ್‌ಪೈಕ್ ಹಿಡಿದು ಬರುವವರು ಪಿಟ್ಸ್‌ಬರ್ಗ್‌ಗೆ ಇಳಿಯುತ್ತಿದ್ದದ್ದು ಎಕ್ಸಿಟ್ 6ರಲ್ಲಿ. ಈಗ ಅದು 57. ಒಹಾಯೊ ಗಡಿಯಿಂದ 57ನೇ ಮೈಲಿ ಎಂದು ತಿಳಿದವರು ಕಾರ್ಲೈಲ್ ದಾಟುವಾಗಲೇ ಇನ್ನೆಷ್ಟು ದೂರ ಎಂದು ಮಕ್ಕಳಿಗೆ ಹೇಳಬಲ್ಲರು.

ಈ ಎಲ್ಲ ಚರ್ಚೆ ಹಳತಾಯಿತು, ಫೋನೇ ದಾರಿ ಹೇಳುವಾಗ ನಂಬರಿನ ಕ್ರಮ ಹೇಗಿದ್ದರೇನು ಎಂಬ ಇನ್ನೊಂದು ಆಕ್ಷೇಪವಿದೆ. ಫೋನು ಹೇಳುವುದೂ ‘ಎಕ್ಸಿಟ್ 78 ತೆಗೆದುಕೊಳ್ಳಿ’ ಎಂದೇ. ಅದನ್ನು ಬೋರ್ಡಿನ ಜೊತೆ ಹೊಂದಿಸಿ ನೋಡುವ ಕೆಲಸ ಚಾಲಕನಿಗೇ ಉಳಿಯುತ್ತದೆ. ಇದಕ್ಕಿಂತ ಗಂಭೀರವಾದದ್ದು ಅಪಘಾತದ ಹೊತ್ತು. ಗಾಡಿ ಕೆಟ್ಟು ನಿಂತವರು, ಪಕ್ಕದ ಗಾಡಿ ಉರುಳಿದ್ದನ್ನು ಕಂಡವರು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದಾಗ ಮೊದಲ ಪ್ರಶ್ನೆ ನೀವು ಎಲ್ಲಿದ್ದೀರಿ ಎಂಬುದು. ಪಕ್ಕದ ಮೈಲಿ ಕಂಬದಲ್ಲಿ 63 ಎಂದಿದ್ದು ಹಿಂದಿನ ಎಕ್ಸಿಟ್ 61 ಆಗಿದ್ದರೆ ಎರಡು ಲೆಕ್ಕವೂ ಒಂದೇ ಮಾತು ಹೇಳುತ್ತವೆ, ಆಂಬುಲೆನ್ಸ್ ಯಾವ ಎಕ್ಸಿಟ್ಟಿನಿಂದ ಹತ್ತಬೇಕು ಎಂಬುದು ಆ ಕ್ಷಣವೇ ತಿಳಿಯುತ್ತದೆ. ಕಂಬ 63 ಹೇಳಿ ಎಕ್ಸಿಟ್ 9 ಎಂದರೆ ನಡುವೆ ಯಾರಾದರೂ ನಕ್ಷೆ ತೆರೆಯಬೇಕು. ಹೆದರಿದ ಮನುಷ್ಯನ ಬಾಯಿಂದ ಬರುವ ಒಂದೇ ಸಂಖ್ಯೆ ಸಾಕಾಗುವ ವ್ಯವಸ್ಥೆ ಯಾವುದೋ ಅದು ಒಳ್ಳೆಯ ವ್ಯವಸ್ಥೆ.

ಮೈಲಿಯ ಲೆಕ್ಕಕ್ಕೂ ದೋಷವಿದೆ, ಒಪ್ಪಬೇಕು. ನಗರದ ನಡುವೆ ಒಂದೇ ಮೈಲಿಯಲ್ಲಿ ಮೂರುನಾಲ್ಕು ಹೊರದಾರಿ ಬಂದಾಗ ಅದೂ ಅಕ್ಷರಗಳ ಮೊರೆ ಹೋಗುತ್ತದೆ. ಅಟ್ಲಾಂಟಾದ ನಡುವೆ 248ಎಯಿಂದ 248ಡಿವರೆಗೆ ಒಂದರ ಬೆನ್ನಿಗೊಂದು ಬರುತ್ತವೆ. ಆದರೆ ಅಲ್ಲಿ ಅಕ್ಷರಕ್ಕೆ ಒಂದೇ ಅರ್ಥ: ಇವೆಲ್ಲ ಒಂದೇ ಮೈಲಿಯೊಳಗಿವೆ, ಸಿದ್ಧವಾಗಿರಿ. ವರ್ಮಾಂಟ್ ರಾಜ್ಯ ನಡುದಾರಿ ಹುಡುಕಿತು, ಹಳೆಯ ನಂಬರನ್ನು ಉಳಿಸಿಕೊಂಡು ಮೈಲಿಯ ನಂಬರಿರುವ ಇನ್ನೊಂದು ಫಲಕವನ್ನು ಸೇರಿಸಿತು. ಸ್ನೇಹದ ಪರಿಹಾರ, ಆದರೆ ಒಂದೇ ಜಾಗಕ್ಕೆ ಎರಡು ನಂಬರಿದ್ದರೆ ಹೊಸಬರ ಹೊರೆ ಹೆಚ್ಚುತ್ತದೆ. ಮ್ಯಾಸಚೂಸೆಟ್ಸ್ ‘ಹಳೆಯ ಎಕ್ಸಿಟ್ 9’ ಎಂಬ ಹಳದಿ ಪಟ್ಟಿಯನ್ನು ಹೊಸ ಬೋರ್ಡಿನ ಪಕ್ಕ ಕೆಲವು ವರ್ಷಗಳ ಮಟ್ಟಿಗೆ ಇಟ್ಟದ್ದು ಹೆಚ್ಚು ವಿವೇಕದ್ದು. ಅಂಗಡಿಯವರಿಗೆ ಹೊಂದಿಕೊಳ್ಳಲು ಸಮಯ ಸಿಕ್ಕಿತು.

ನಮ್ಮಲ್ಲಿ ಈ ಪ್ರಶ್ನೆ ಈಗ ಎದುರಾಗುತ್ತಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸಿನಲ್ಲಿ ಬದಿಗೆ ಸರಿಸಿದಾಗ ಆ ಊರುಗಳ ಹೋಟೆಲಿನವರು, ಗೊಂಬೆ ಅಂಗಡಿಯವರು ಗಿರಾಕಿಗಳನ್ನು ಕಳೆದುಕೊಂಡು ಪರಿತಪಿಸಿದರು. ಬ್ಯಾಸೆಟ್ ಕಾಗದದ ಮೇಲೆ ಬರೆದದ್ದು ಇಲ್ಲಿ ವ್ಯಾಪಾರದ ನಷ್ಟವಾಗಿ ಕಂಡಿತು. ಊರು ರಸ್ತೆಗೆ ತೆರೆದುಕೊಳ್ಳುವ ಹಕ್ಕು ಹೋದ ಮೇಲೆ ಆ ಊರಿನ ಬದುಕು ಪೂರ್ತಿ ಎಕ್ಸಿಟ್ಟಿನ ಮೇಲೆ ನಿಂತಿರುತ್ತದೆ. ಹಾಗಾಗಿ ಪರಊರಿನವರಿಗೆ ಅದು ಕಣ್ಣಿಗೆ ಬೀಳುವಂತೆ, ಅರ್ಥವಾಗುವಂತೆ ಇರುವುದು ಚನ್ನಪಟ್ಟಣದವರ ಹಿತವೂ ಹೌದು. ಈ ರಸ್ತೆಗಳಿಗೆ ಕಿಲೋಮೀಟರಿನ ಗುರುತು ಹೇಗೂ ಇರುತ್ತದೆ. ಎಕ್ಸಿಟ್ಟುಗಳಿಗೆ ನಂಬರು ಕೊಡುವ ದಿನ ಬಂದಾಗ ಬಿಡದಿ 1, ರಾಮನಗರ 2 ಎಂದು ಶುರುಮಾಡದೆ ಆ ಕಿಲೋಮೀಟರನ್ನೇ ಊರ ಹೆಸರಿನ ಪಕ್ಕ ಬರೆಯಬೇಕು, ಕನ್ನಡದಲ್ಲಿ, ದೂರದಿಂದ ಕಾಣುವ ಅಕ್ಷರದಲ್ಲಿ. ಆಮೇಲೆ ನಡುವೆ ಎಷ್ಟು ಹೊಸ ಹೊರದಾರಿ ಬಂದರೂ ಯಾವ ಊರಿನ ನಂಬರನ್ನೂ ಬದಲಿಸುವ ಪ್ರಮೇಯ ಬರುವುದಿಲ್ಲ.